ಓಡಿಹೋಗದ ಸರದಾರ: ಕೌಂಟ್ ಎಗ್ಮಾಂಟ್ ಮತ್ತು ಅವನ ಮನೆಯವರು

1567ರ ಸೆಪ್ಟೆಂಬರ್ 9, ಬ್ರಸೆಲ್ಸ್. ಸ್ಪೇನಿನಿಂದ ಹೊಸದಾಗಿ ಬಂದಿದ್ದ ಸೇನಾಪತಿ ಡ್ಯೂಕ್ ಆಫ್ ಆಲ್ಬಾನ ಮಗ ಡಾನ್ ಹೆರ್ನಾಂಡೊ ಅವತ್ತು ಮಧ್ಯಾಹ್ನ ಊಟಕ್ಕೆ ಕರೆದಿದ್ದ. ಊರಿನ ದೊಡ್ಡ ಮನೆತನದವರೆಲ್ಲ ಬಂದಿದ್ದರು. ಊಟ ನಡೆದಿರುವಾಗಲೇ ಆಲ್ಬಾನಿಂದ ಹೇಳಿಕಳಿಸಿದರು. ಆಂಟ್ವರ್ಪ್‌ನಲ್ಲಿ ಕಟ್ಟಬೇಕಾದ ಹೊಸ ಕೋಟೆಯ ನಕ್ಷೆ ಬಂದಿದೆ, ಊಟ ಮುಗಿಸಿ ಎಲ್ಲರೂ ನಮ್ಮ ಮನೆಗೆ ಬನ್ನಿ, ನೋಡೋಣ ಅಂತ. ಆಗ ಹೆರ್ನಾಂಡೊ, ತನ್ನ ಪಕ್ಕದಲ್ಲಿ ಕೂತಿದ್ದ ನೆದರ್ಲೆಂಡ್ಸ್‌ನ ಸರದಾರ ಕೌಂಟ್ ಎಗ್ಮಾಂಟ್‌ನ ಕಿವಿಯ ಹತ್ತಿರ ಬಗ್ಗಿ, ಈಗಲೇ ಎದ್ದು ನಿಮ್ಮ ಅತಿ ವೇಗದ ಕುದುರೆ ಹತ್ತಿ ಹೊರಟುಬಿಡಿ ಎಂದು ಪಿಸುಗುಟ್ಟಿದನಂತೆ.

ಎಗ್ಮಾಂಟ್ ಎದ್ದ. ಪಕ್ಕದ ಕೋಣೆಗೆ ಹೋಗಿ ಒಂದಿಬ್ಬರು ಗೆಳೆಯರನ್ನು ಕೇಳಿದ. ಅದರಲ್ಲಿ ನ್ವಾರ್‌ಕಾರ್ಮ್ ಎಂಬುವವನು, ಈಗ ಓಡಿಹೋದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತೆ, ಹೋಗಬೇಡ ಅಂದ. ಎಗ್ಮಾಂಟ್ ವಾಪಸ್ ಬಂದು ಊಟಕ್ಕೆ ಕೂತ. ಸಂಜೆ ನಕ್ಷೆ ನೋಡಿ ಎದ್ದು ಹೊರಡುವಾಗ ಸ್ಪ್ಯಾನಿಷ್ ಕ್ಯಾಪ್ಟನ್ ಸಾಂಚೊ ಡಾವಿಲಾ ಅಡ್ಡ ನಿಂತು ಕತ್ತಿ ಕೇಳಿದ. ಈ ಕತ್ತಿ ಎಷ್ಟೋ ಸಲ ದೊರೆಯ ಕೆಲಸಕ್ಕೇ ಬಂದಿದೆ ಎಂದು ಹೇಳಿ ಎಗ್ಮಾಂಟ್ ಅದನ್ನು ಕೊಟ್ಟ. ಒಂಬತ್ತು ತಿಂಗಳು ತುಂಬುವ ಮುಂಚೆ ಅವನ ತಲೆ ಹೋಯಿತು.

ಈ ಕಥೆ ಹೇಳುವವರು ಸಾಮಾನ್ಯವಾಗಿ ಎಗ್ಮಾಂಟ್‌ನನ್ನು ಭೋಳೆ ಮನುಷ್ಯ ಅಂದುಬಿಡುತ್ತಾರೆ. ಯುದ್ಧದಲ್ಲಿ ಹುಲಿ, ರಾಜಕೀಯದಲ್ಲಿ ಮಗು ಅನ್ನೋ ಥರ. ನನಗೆ ಆ ಮಾತು ಅರ್ಧ ಮಾತ್ರ ಸರಿ ಅನ್ನಿಸುತ್ತೆ. ಅವನ ಮನೆ ಕಡೆ ತಿರುಗಿ ನೋಡಿ. ಹೆಂಡತಿ, ಮೂರು ಗಂಡುಮಕ್ಕಳು, ಎಂಟು ಹೆಣ್ಣುಮಕ್ಕಳು, ಎತ್ತಿಕೊಂಡು ಹೋಗಲು ಬಾರದ ಜಮೀನು, ಸಾಲ. ಅವನ ಕಾಲು ಯಾಕೆ ಕೀಳಲಿಲ್ಲ ಅನ್ನೋದು ಅಲ್ಲಿ ಗೊತ್ತಾಗುತ್ತೆ.

ಮನೆತನ, ಮದುವೆ, ಯುದ್ಧ

ಲಾಮೊರಾಲ್ ವ್ಯಾನ್ ಎಗ್ಮಾಂಟ್ ಹುಟ್ಟಿದ್ದು 1522ರ ನವೆಂಬರ್ 18ರಂದು, ಈಗಿನ ಬೆಲ್ಜಿಯಂನ ಎನೋ ಸೀಮೆಯ ಲಾ ಅಮೇದ್ ಕೋಟೆಯಲ್ಲಿ. ಆಗ ಈಗಿನ ಬೆಲ್ಜಿಯಂ, ಹಾಲೆಂಡ್ ಎಲ್ಲ ಸೇರಿ ನೆದರ್ಲೆಂಡ್ಸ್ ಅನ್ನಿಸಿಕೊಂಡಿತ್ತು. ಆಳುತ್ತಿದ್ದವನು ಚಕ್ರವರ್ತಿ ಐದನೇ ಚಾರ್ಲ್ಸ್, ಅವನ ನಂತರ ಮಗ, ಸ್ಪೇನಿನ ದೊರೆ ಎರಡನೇ ಫಿಲಿಪ್. ಎಗ್ಮಾಂಟ್ ತಂದೆಯದು ಹಾಲೆಂಡಿನ ಹಳೆಯ ಮನೆತನ. ತಾಯಿ ಫ್ರಾನ್ಸ್ವಾಸ್ ಲಕ್ಸೆಂಬರ್ಗ್ ಮನೆತನದವಳು, ಗಾವರ್‌ನ ಸಂಸ್ಥಾನ ಬಂದಿದ್ದು ಅವಳ ಕಡೆಯಿಂದ. ಬ್ರಸೆಲ್ಸ್‌ನಲ್ಲಿ ಇವತ್ತೂ ಎಗ್ಮಾಂಟ್ ಅರಮನೆ ಅಂತ ಕರೆಯುವ ಕಟ್ಟಡವನ್ನು ಶುರುಮಾಡಿಸಿದವಳೂ ಅವಳೇ.

ಲಾಮೊರಾಲ್ ಎರಡನೇ ಮಗ. ಆಸ್ತಿ ಅಣ್ಣ ಚಾರ್ಲ್ಸ್‌ನದು. 1541ರಲ್ಲಿ ಚಕ್ರವರ್ತಿ ಅಲ್ಜಿಯರ್ಸ್ ಮೇಲೆ ದಂಡೆತ್ತಿ ಹೋದಾಗ ಅಣ್ಣತಮ್ಮ ಇಬ್ಬರೂ ಹೋದರು. ಬಿರುಗಾಳಿಗೆ ಸಿಕ್ಕಿ ಆ ದಂಡಯಾತ್ರೆ ನೆಲಕಚ್ಚಿತು. ಅಣ್ಣ ಸ್ಪೇನಿನ ಕಾರ್ತಹೇನಾದಲ್ಲಿ ತೀರಿಕೊಂಡ. ಹತ್ತೊಂಬತ್ತರ ಹುಡುಗ ಇದ್ದಕ್ಕಿದ್ದ ಹಾಗೆ ಮನೆಯ ಯಜಮಾನನಾದ.

1544ರ ಏಪ್ರಿಲ್‌ನಲ್ಲಿ ಜರ್ಮನಿಯ ಸ್ಪೈಯರ್‌ನಲ್ಲಿ ಮದುವೆ. ಅಲ್ಲಿ ಆಗ ಸಾಮ್ರಾಜ್ಯದ ಸಭೆ ಸೇರಿತ್ತು, ಚಕ್ರವರ್ತಿಯೇ ಮದುವೆಗೆ ಬಂದಿದ್ದ. ಹುಡುಗಿ ಸಬೀನಾ, ಜರ್ಮನಿಯ ಪ್ಯಾಲಟಿನೇಟ್ ರಾಜವಂಶದವಳು, ಇನ್ನೂ ಹದಿನಾರರ ಆಸುಪಾಸು. ಆಕೆಯ ಅಣ್ಣ ಫ್ರೆಡೆರಿಕ್ ಮುಂದೆ ಹೈಡೆಲ್ಬರ್ಗ್‌ನಲ್ಲಿ ಆಳುವ ದೊರೆಯಾದ, ಪ್ರೊಟೆಸ್ಟಂಟರ ಕ್ಯಾಲ್ವಿನ್ ಪಂಥಕ್ಕೂ ಸೇರಿಕೊಂಡ. ತಂಗಿ, ಭಾವ ಕ್ಯಾಥೊಲಿಕ್ಕರಾಗಿಯೇ ಉಳಿದರು. ಈ ನೆಂಟಸ್ತಿಕೆ ಮುಂದೆ ಸಬೀನಾಗೆ ಕಷ್ಟಕಾಲದಲ್ಲಿ ನೆರವೂ ಆಯಿತು, ತೊಡಕೂ ಆಯಿತು.

ಯುದ್ಧದ ವಿಷಯ ಬೇಗ ಹೇಳಿಬಿಡುತ್ತೇನೆ. ಎಗ್ಮಾಂಟ್ ಕುದುರೆ ದಳದ ನಾಯಕ. 1557ರ ಆಗಸ್ಟ್ 10ರಂದು ಸೇಂಟ್ ಕ್ವೆಂಟಿನ್‌ನಲ್ಲಿ ಫ್ರೆಂಚ್ ಸೈನ್ಯ ಪುಡಿಯಾಗಿದ್ದು ಮುಖ್ಯವಾಗಿ ಅವನ ಸವಾರರಿಂದ. ಮರುವರ್ಷ ಜುಲೈ 13ರಂದು ಗ್ರಾವ್‌ಲೀನ್ ಹತ್ತಿರ, ಸಮುದ್ರದ ದಂಡೆಯ ಮರಳಿನಲ್ಲೇ, ಮಾರ್ಷಲ್ ಡಿ ಟೆರ್ಮ್‌ನ ಸೈನ್ಯವನ್ನು ಅಡ್ಡಗಟ್ಟಿ ಮುರಿದ. ಕೂತಿದ್ದ ಕುದುರೆಗೆ ಗುಂಡು ಬಿತ್ತು, ಇನ್ನೊಂದು ಕುದುರೆ ಹತ್ತಿದ. ಕಡಲಲ್ಲಿದ್ದ ಇಂಗ್ಲಿಷ್ ಹಡಗುಗಳು ಫ್ರೆಂಚರ ಮೇಲೆ ಫಿರಂಗಿ ಹಾರಿಸಿ ನೆರವಾದವು. ಈ ಎರಡು ಗೆಲುವುಗಳ ಬಲದ ಮೇಲೆಯೇ ಫಿಲಿಪ್ 1559ರಲ್ಲಿ ಫ್ರಾನ್ಸ್ ಜೊತೆ ತನಗೆ ಅನುಕೂಲವಾದ ಸಂಧಿ ಮಾಡಿಕೊಂಡ. ಫ್ಲಾಂಡರ್ಸ್‌ನ ಊರೂರಲ್ಲಿ ಜನ ಎಗ್ಮಾಂಟ್ ಹೆಸರು ಹೇಳಿ ಕುಡಿದರು. ಗ್ರಾವ್‌ಲೀನ್‌ನಲ್ಲಿ ಅವನು ಸುಮ್ನೆ ಅಪಾಯ ಮೈಮೇಲೆ ಎಳೆದುಕೊಂಡ ಅಂತ ಆಲ್ಬಾ ಆಗಲೇ ಕೊಂಕು ತೆಗೆದಿದ್ದನಂತೆ.

ಇನ್ನೊಂದು ವಿಷಯ ನೆನಪಿಡಬೇಕು. 1546ರಲ್ಲಿ ಯೂಟ್ರೆಕ್ಟ್‌ನಲ್ಲಿ ಎಗ್ಮಾಂಟ್‌ಗೆ ಗೋಲ್ಡನ್ ಫ್ಲೀಸ್ ಪದಕ ಸಿಕ್ಕಿತು. ಸರದಾರರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ. ಆ ಪದಕ ಹಾಕಿದವನನ್ನು ಅದೇ ಸಂಘದ ಸರದಾರರು ಮಾತ್ರ ವಿಚಾರಣೆ ಮಾಡಬಹುದು, ಬೇರೆ ಯಾವ ಕೋರ್ಟೂ ಇಲ್ಲ ಅನ್ನೋದು ನಿಯಮ. ಅದೇ ವರ್ಷ ಅದೇ ಸಭೆಯಲ್ಲಿ ಪದಕ ಪಡೆದ ಇನ್ನೊಬ್ಬ ಆಲ್ಬಾ.

ಎರಡು ದೋಣಿ

ಫಿಲಿಪ್ 1559ರಲ್ಲಿ ಸ್ಪೇನಿಗೆ ಹೊರಟುಹೋದ, ಮತ್ತೆ ಬರಲೇ ಇಲ್ಲ. ಮಲಸಹೋದರಿ ಮಾರ್ಗರೆಟ್ ಆಫ್ ಪಾರ್ಮಾಳನ್ನು ಬ್ರಸೆಲ್ಸ್‌ನಲ್ಲಿ ಕೂರಿಸಿದ. ಎಗ್ಮಾಂಟ್‌ಗೆ ಫ್ಲಾಂಡರ್ಸ್ ಮತ್ತು ಆರ್ಟ್ವಾ ಪ್ರಾಂತ್ಯಗಳ ಅಧಿಕಾರ ಸಿಕ್ಕಿತು. ಆದರೆ ನಿಜವಾದ ಕೀಲಿಕೈ ಇದ್ದದ್ದು ಕಾರ್ಡಿನಲ್ ಗ್ರಾನ್‌ವೆಲ್ ಹತ್ತಿರ. ಎಗ್ಮಾಂಟ್, ಆರೆಂಜ್‌ನ ರಾಜಕುಮಾರ ವಿಲಿಯಂ, ಕೌಂಟ್ ಹೋರ್ನ್, ಈ ಮೂವರು ಸೇರಿ ಅವನನ್ನು ತೆಗೆಯಿರಿ ಎಂದು ದೊರೆಗೆ ಬರೆದರು.

ಆ ಕಾಲದ ಒಂದು ಘಟನೆ ಎಗ್ಮಾಂಟ್ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತೆ. 1563ರ ಡಿಸೆಂಬರ್‌ನಲ್ಲಿ ಒಂದು ಊಟದ ಕೂಟ. ಕಾರ್ಡಿನಲ್‌ನ ಆಡಂಬರವನ್ನು ಆಡಿಕೊಳ್ಳುತ್ತಾ, ನಮ್ಮ ಆಳುಗಳಿಗೆಲ್ಲ ಒಂದೇ ಥರದ ಸಾದಾ ಉಡುಪು ಹೊಲಿಸೋಣ ಅಂತ ಮಾತು ಬಂತು. ಉಡುಪು ಹೇಗಿರಬೇಕು ಅಂತ ಗೊತ್ತುಮಾಡೋರು ಯಾರು? ದಾಳ ಹಾಕಿದರು, ಎಗ್ಮಾಂಟ್ ಹೆಸರಿಗೆ ಬಿತ್ತು. ಅವನು ಬೂದು ಬಣ್ಣದ ಒರಟು ಬಟ್ಟೆ ಆರಿಸಿ, ಜೋತುಬಿದ್ದ ತೋಳಿನ ಮೇಲೆ ವಿದೂಷಕರು ಹಾಕುವಂಥ ಟೊಪ್ಪಿಗೆಯ ಚಿತ್ರ ಹೊಲಿಸಿದ. ಕಾರ್ಡಿನಲ್‌ನ ಕೆಂಪು ಟೋಪಿಗೆ ಹೊಡೆದ ಮಾತು ಅದು ಅಂತ ಎಲ್ಲರಿಗೂ ಗೊತ್ತಾಯಿತು. ಊರಿನ ದರ್ಜಿಗಳಿಗೆ ಕೈತುಂಬ ಕೆಲಸ. ಮಾರ್ಗರೆಟ್ ಮೊದಲು ನಕ್ಕಳು, ಆಮೇಲೆ ಹೆದರಿದಳು. ಟೊಪ್ಪಿಗೆ ಹೋಗಿ ಬಾಣಗಳ ಕಟ್ಟು ಬಂತು. ಮರುವರ್ಷ ಕಾರ್ಡಿನಲ್ ಊರು ಬಿಟ್ಟ. ಎಗ್ಮಾಂಟ್ ಅದನ್ನು ಮರೆತ, ದೊರೆ ಮರೆಯಲಿಲ್ಲ. ಮುಂದೆ ಆರೋಪಪಟ್ಟಿಯಲ್ಲಿ ಈ ಉಡುಪಿನ ಪ್ರಸಂಗವೂ ಸೇರಿತ್ತು.

1565ರ ಆರಂಭದಲ್ಲಿ ಎಗ್ಮಾಂಟ್ ಸ್ಪೇನಿಗೆ ಹೋದ. ಧರ್ಮದ ಹೆಸರಲ್ಲಿ ಜನರನ್ನು ಸುಡುವುದು ಸಡಿಲವಾಗಲಿ ಎಂದು ದೊರೆಯನ್ನು ಕೇಳಲು. ಫಿಲಿಪ್ ಅವನನ್ನು ಅಪ್ಪಿಕೊಂಡು ಬರಮಾಡಿಕೊಂಡ. ಹೆಣ್ಣುಮಕ್ಕಳ ಮದುವೆ ವಿಚಾರ ಕೇಳಿದ. ಆಸ್ತಿಯ ಕೆಲವು ತಕರಾರುಗಳನ್ನು ಇವನ ಕಡೆಗೆ ತೀರ್ಮಾನಿಸಿಕೊಟ್ಟ. ಎಗ್ಮಾಂಟ್ ಹಿಗ್ಗಿ ಹೀರೇಕಾಯಿಯಾಗಿ ವಾಪಸ್ ಬಂದ. ಅದೇ ವರ್ಷ ಬ್ರಸೆಲ್ಸ್ ಹತ್ತಿರದ ಗಾಸ್‌ಬೇಕ್ ಕೋಟೆಯನ್ನೂ ಕೊಂಡ. ಅಕ್ಟೋಬರ್‌ನಲ್ಲಿ ದೊರೆ ಕಾಗದ ಬರೆದ: ಕಾನೂನು ಒಂದಿಷ್ಟೂ ಸಡಿಲ ಮಾಡೋದಿಲ್ಲ.

ಎಂಟು ಹೆಣ್ಣುಮಕ್ಕಳ ತಂದೆಯ ಹತ್ತಿರ ಮದುವೆ ಮಾತು ಎತ್ತಿದರೆ ಮನಸ್ಸು ಕರಗದೆ ಇರುತ್ತಾ? ಅವನನ್ನು ಯಾವ ಹಗ್ಗದಲ್ಲಿ ಕಟ್ಟಬೇಕು ಅಂತ ಫಿಲಿಪ್‌ಗೆ ಚೆನ್ನಾಗಿ ಗೊತ್ತಿತ್ತು.

1566ರ ಆಗಸ್ಟ್‌ನಲ್ಲಿ ಚರ್ಚುಗಳ ಮೂರ್ತಿ ಒಡೆಯುವ ಗಲಭೆ ಎದ್ದಿತು. ಅದು ಶುರುವಾಗಿದ್ದೇ ಎಗ್ಮಾಂಟ್‌ನ ಪ್ರಾಂತ್ಯದ ಸ್ಟೀನ್‌ವೋರ್ಡೆ ಎಂಬ ಊರಲ್ಲಿ. ಎಗ್ಮಾಂಟ್‌ಗೆ ಗಲಭೆಕೋರರೂ ಇಷ್ಟವಿಲ್ಲ, ಅವರನ್ನು ಕಡಿದು ಹಾಕುವುದೂ ಇಷ್ಟವಿಲ್ಲ. ಕೆಲವು ಕಡೆ ಪ್ರೊಟೆಸ್ಟಂಟರ ಜೊತೆ ಒಪ್ಪಂದ ಮಾಡಿಕೊಂಡ, ಆಮೇಲೆ ಮಾರ್ಗರೆಟ್ ಕೇಳಿದ ಹೊಸ ನಿಷ್ಠೆಯ ಪ್ರಮಾಣವನ್ನೂ ಮಾಡಿದ. ವಿಲಿಯಂ ಆ ಪ್ರಮಾಣ ಮಾಡಲಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟವನನ್ನು ಎರಡು ದಡದವರೂ ನಂಬೋದಿಲ್ಲ.

1567ರ ಏಪ್ರಿಲ್‌ನಲ್ಲಿ ವಿಲ್ಲೆಬ್ರೂಕ್‌ನಲ್ಲಿ ಇಬ್ಬರೂ ಕೊನೆಯ ಸಲ ಭೇಟಿಯಾದರು. ವಿಲಿಯಂ ಜರ್ಮನಿಗೆ ಹೊರಟಿದ್ದ, ನೀನೂ ಬಾ ಅಂದ. ಎಗ್ಮಾಂಟ್ ಒಲ್ಲೆ ಅಂದ. ಬೀಳ್ಕೊಡುವಾಗ ಒಬ್ಬ ಇನ್ನೊಬ್ಬನನ್ನು 'ನೆಲವಿಲ್ಲದ ರಾಜಕುಮಾರ' ಅಂದ, ಇನ್ನೊಬ್ಬ ಇವನನ್ನು 'ತಲೆಯಿಲ್ಲದ ಕೌಂಟ್' ಅಂದ ಎಂಬ ಕಥೆ ಇದೆ. ಅದು ಆಮೇಲೆ ಜನ ಕಟ್ಟಿದ ಮಾತು. ಆದರೆ ಅವತ್ತಿನ ಲೆಕ್ಕಾಚಾರ ಮಾತ್ರ ನಿಜವೇ. ವಿಲಿಯಂಗೆ ಜರ್ಮನಿಯ ಡಿಲ್ಲೆನ್‌ಬುರ್ಗ್‌ನಲ್ಲಿ ತವರುಕೋಟೆ ಇತ್ತು, ತಾಯಿ ಇದ್ದಳು, ತಮ್ಮಂದಿರಿದ್ದರು. ಎಗ್ಮಾಂಟ್‌ಗೆ ಇದ್ದದ್ದೆಲ್ಲ ಈ ನೆಲದಲ್ಲೇ. ವರ್ಷಕ್ಕೆ ಅರವತ್ತು ಸಾವಿರ ಫ್ಲಾರಿನ್‌ಗೂ ಜಾಸ್ತಿ ವರಮಾನ, ಅದರ ಮೇಲೆ ಸಾಲದ ಹೊರೆ. ಗಡಿ ದಾಟಿದ ದಿನವೇ ಆಸ್ತಿ ಜಪ್ತಿ. ಹನ್ನೊಂದು ಮಕ್ಕಳನ್ನು ಕಟ್ಟಿಕೊಂಡು ಹೆಂಡತಿಯ ಅಣ್ಣನ ಮನೆ ಬಾಗಿಲಿಗೆ ಹೋಗಿ ನಿಲ್ಲಬೇಕು, ಅದೂ ಕ್ಯಾಲ್ವಿನ್ ಪಂಥದ ದೊರೆಯ ಮನೆ. ಹಾಗೆ ಹೋದರೆ ರಾಜದ್ರೋಹಿ ಅನ್ನುವ ಮಾತಿಗೆ ತಾನೇ ಮುದ್ರೆ ಒತ್ತಿದ ಹಾಗೆ. ಇದ್ದು ನೋಡೋಣ ಅಂದುಕೊಂಡ.

ಆಗಸ್ಟ್ 22ರಂದು, ಗಲಭೆ ಅಡಗಿಸಲು ದೊರೆ ಕಳಿಸಿದ್ದ ಆಲ್ಬಾ ಸೈನ್ಯ ಸಮೇತ ಬ್ರಸೆಲ್ಸ್‌ಗೆ ಬಂದ. ಎಗ್ಮಾಂಟ್ ಎದುರುಗೊಳ್ಳಲು ಹೋಗಿದ್ದ, ಒಳ್ಳೆ ಕುದುರೆಗಳನ್ನು ಕಾಣಿಕೆಯಾಗಿ ಕೊಟ್ಟಿದ್ದ. ಅದಾಗಿ ಮೂರು ವಾರವೂ ಆಗಿರಲಿಲ್ಲ, ಆ ಊಟದ ದಿನ ಬಂತು.

ಸಬೀನಾ

ಹಿಡಿದ ಮೇಲೆ ಎಗ್ಮಾಂಟ್‌ನನ್ನು ಗೆಂಟ್‌ನ ಕೋಟೆಗೆ ಸಾಗಿಸಿದರು. ಹೋರ್ನ್‌ನನ್ನೂ. ಎಗ್ಮಾಂಟ್‌ನ ಕಾರ್ಯದರ್ಶಿ ಬಾಕರ್‌ಜೀಲ್‌ನನ್ನೂ ಅದೇ ದಿನ ಹಿಡಿದರು, ಅವನಿಗೆ ಚಿತ್ರಹಿಂಸೆ ಕೊಟ್ಟರು. ವಿಚಾರಣೆ ಆಲ್ಬಾ ಕಟ್ಟಿದ ವಿಶೇಷ ಕೋರ್ಟಿನಲ್ಲಿ. ಜನ ಅದಕ್ಕೆ ರಕ್ತದ ಸಭೆ ಅಂತ ಹೆಸರಿಟ್ಟರು. ಆರೋಪಗಳು ತೊಂಬತ್ತು.

ಇಲ್ಲಿಂದ ಈ ಪ್ರಕರಣವನ್ನು ಹೆಗಲ ಮೇಲೆ ಹೊತ್ತವಳು ಸಬೀನಾ. ಗಂಡ ಒಳಗೆ, ಆಸ್ತಿಯ ಮೇಲೆ ಸರಕಾರದ ಕೈ. ಆಕೆ ವಕೀಲರನ್ನು ಹಿಡಿದಳು. ಗೋಲ್ಡನ್ ಫ್ಲೀಸ್‌ನ ನಿಯಮ ಮುಂದಿಟ್ಟು, ನನ್ನ ಗಂಡನನ್ನು ಅವನ ಸಂಘದವರೇ ವಿಚಾರಿಸಬೇಕು, ಈ ಕೋರ್ಟಿಗೆ ಆ ಹಕ್ಕಿಲ್ಲ ಎಂದು ಅರ್ಜಿ ಹಾಕಿದಳು. ಫಿಲಿಪ್‌ಗೆ ಬರೆದಳು. ಜರ್ಮನಿಯ ನೆಂಟರಿಗೆ ಬರೆದಳು. ಚಕ್ರವರ್ತಿ ಎರಡನೇ ಮ್ಯಾಕ್ಸಿಮಿಲಿಯನ್ ಫಿಲಿಪ್‌ಗೆ ಹೇಳಿನೋಡಿದ. ಮ್ಯಾಕ್ಸಿಮಿಲಿಯನ್‌ಗೂ 1546ರ ಅದೇ ಸಭೆಯಲ್ಲೇ ಪದಕ ಸಿಕ್ಕಿತ್ತು. ಕಾನೂನಿನ ಪ್ರಕಾರ ಸಬೀನಾ ವಾದಕ್ಕೆ ಎದುರುಮಾತು ಇರಲಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಆದರೆ ದೊರೆ ಮೊದಲೇ ಆಲ್ಬಾನ ಕೈಗೆ ಬೇಕಾದ ಅಧಿಕಾರ ಬರೆದುಕೊಟ್ಟಾಗಿತ್ತು. ರಾಜದ್ರೋಹಕ್ಕೆ ಪದಕದ ರಕ್ಷಣೆ ಇಲ್ಲ ಅಂದುಬಿಟ್ಟರು.

1568ರ ಮೇ 23ರಂದು ಉತ್ತರದ ಹೈಲಿಗರ್ಲೀಯಲ್ಲಿ ವಿಲಿಯಂನ ತಮ್ಮ ಲೂಯಿಯ ಸೈನ್ಯ ಸ್ಪೇನಿನ ಪಡೆಯನ್ನು ಸೋಲಿಸಿತು. ದೊರೆಯ ಕಡೆಯ ಕೌಂಟ್ ಆರೆನ್‌ಬರ್ಗ್ ಅಲ್ಲಿ ಸತ್ತ. ಅದರ ಸುದ್ದಿ ಬಂದ ಮೇಲೆ ಎಲ್ಲ ಅವಸರವಾಯಿತು. ಆಲ್ಬಾ ತಾನೇ ಯುದ್ಧಕ್ಕೆ ಹೊರಡಬೇಕು, ಬೆನ್ನ ಹಿಂದೆ ಇಂಥ ಕೈದಿಗಳನ್ನು ಬಿಟ್ಟುಹೋಗಲು ಅವನಿಗೆ ಇಷ್ಟವಿಲ್ಲ. ಜೂನ್ 3ರಂದು ಇಬ್ಬರನ್ನೂ ಗೆಂಟ್‌ನಿಂದ ಬ್ರಸೆಲ್ಸ್‌ಗೆ ತಂದರು. 4ರಂದು ತೀರ್ಪು.

ಆ ರಾತ್ರಿ ಈಪ್ರ್‌ನ ಬಿಷಪ್ ರಿಥೋವಿಯಸ್‌ಗೆ ಹೇಳಿಕಳಿಸಿದರು. ಬಿಷಪ್ ಆಲ್ಬಾನ ಮುಂದೆ ಕೈಮುಗಿದು ಬೇಡಿಕೊಂಡರು. ನಿಮ್ಮನ್ನು ಕರೆಸಿದ್ದು ಪಾಪನಿವೇದನೆ ಕೇಳೋಕೆ, ಬುದ್ಧಿ ಹೇಳೋಕಲ್ಲ ಅನ್ನೋ ಥರದ ಉತ್ತರ ಬಂತು. ನಡುರಾತ್ರಿ ಅವರು ಎಗ್ಮಾಂಟ್ ಇದ್ದ ಕೋಣೆಗೆ ಹೋಗಿ ತೀರ್ಪಿನ ಕಾಗದ ಕೈಗಿಟ್ಟರು. ಎಗ್ಮಾಂಟ್ ಮೊದಲು ನಂಬಲಿಲ್ಲ. ಆಮೇಲೆ ಕೇಳಿದ್ದು ಹೆಂಡತಿ ಮಕ್ಕಳ ಬಗ್ಗೆ. ಅದೇ ರಾತ್ರಿ ಕೂತು ಫಿಲಿಪ್‌ಗೆ ಫ್ರೆಂಚಿನಲ್ಲಿ ಒಂದು ಕಾಗದ ಬರೆದ. ನಾನು ನಿಮಗೆ ಎಂದೂ ದ್ರೋಹ ಬಗೆದಿಲ್ಲ, ನನ್ನ ಹಿಂದಿನ ಸೇವೆ ನೆನೆದು ನನ್ನ ಬಡ ಹೆಂಡತಿ, ಮಕ್ಕಳು, ಆಳುಗಳ ಮೇಲೆ ಕರುಣೆ ಇಡಿ ಅನ್ನೋದು ಅದರ ಸಾರ. ಅದರಲ್ಲಿ ಬೈಗುಳವೂ ಇಲ್ಲ, ದೂರೂ ಇಲ್ಲ. ಮಕ್ಕಳ ತಲೆ ಮೇಲೆ ಕೈ ಇಡುವವನು ಇನ್ನು ಆ ದೊರೆ ಒಬ್ಬನೇ ಅಂತ ಅವನಿಗೆ ಗೊತ್ತಿತ್ತು.

ಬೆಳಗಾಯಿತು. ಎಗ್ಮಾಂಟ್ ತನ್ನ ಅಂಗಿಯ ಕಾಲರನ್ನು ತಾನೇ ಕತ್ತರಿಸಿಕೊಂಡ, ತಲೆ ಕಡಿಯುವವನ ಕೈ ಮೈಗೆ ತಾಗಬಾರದು ಅಂತ. ಗ್ರಾಂಡ್ ಪ್ಲಾಸ್ ಎಂಬ ಊರ ನಡುವಿನ ಚೌಕದಲ್ಲಿ ಕಪ್ಪು ಬಟ್ಟೆ ಹೊದಿಸಿದ ಕಟ್ಟೆ, ಅದರ ಮೇಲೆ ಎರಡು ಮಖಮಲ್ಲಿನ ದಿಂಬು. ಸುತ್ತ ಸ್ಪ್ಯಾನಿಷ್ ಸೈನಿಕರು. ಕೆಂಪು ನಿಲುವಂಗಿ ತೊಟ್ಟು, ಬೈಬಲಿನ ಐವತ್ತೊಂದನೆಯ ಕೀರ್ತನೆ ಓದುತ್ತಾ ನಡೆದು ಬಂದ. ಕಟ್ಟೆ ಹತ್ತಿದ ಮೇಲೆ ಕ್ಯಾಪ್ಟನ್ ರೊಮೆರೊನ ಕಡೆ ತಿರುಗಿ, ಇನ್ನು ಯಾವ ಆಸೆಯೂ ಇಲ್ವಾ ಅಂತ ಕೇಳಿದನಂತೆ. ಅವನು ಇಲ್ಲ ಎಂದು ತಲೆಯಾಡಿಸಿದ. ನಲವತ್ತೈದು ವರ್ಷದ ಮನುಷ್ಯ ಮಂಡಿಯೂರಿದ. ಅವನ ನಂತರ ಹೋರ್ನ್. ಜನ ಸೈನಿಕರ ಭಯವನ್ನೂ ಬಿಟ್ಟು ಮುಂದೆ ನುಗ್ಗಿ ಕರವಸ್ತ್ರಗಳನ್ನು ಆ ರಕ್ತದಲ್ಲಿ ಅದ್ದಿಕೊಂಡರು.

ಸಬೀನಾ ಅವತ್ತು ಬ್ರಸೆಲ್ಸ್‌ನಲ್ಲೇ ಇದ್ದಳು. ಹೈಲಿಗರ್ಲೀಯಲ್ಲಿ ಗಂಡನನ್ನು ಕಳಕೊಂಡ ಆರೆನ್‌ಬರ್ಗ್‌ನ ಹೆಂಡತಿಯನ್ನು ಮಾತಾಡಿಸಲು ಹೋಗಿದ್ದಳಂತೆ. ಇನ್ನೊಬ್ಬಳ ದುಃಖಕ್ಕೆ ಸಮಾಧಾನ ಹೇಳುತ್ತಿದ್ದಾಗಲೇ ತನ್ನ ಗಂಡನ ಸುದ್ದಿ ಕಿವಿಗೆ ಬಿತ್ತು. ಇದನ್ನು ಓದಿದಾಗಲೆಲ್ಲ ನನಗೆ ಮುಂದಿನ ಸಾಲಿಗೆ ಹೋಗೋಕೆ ಸ್ವಲ್ಪ ಹೊತ್ತು ಬೇಕಾಗುತ್ತೆ.

ಆಕೆ ಹೆಣ್ಣುಮಕ್ಕಳನ್ನು ಕರೆದುಕೊಂಡು ಊರಾಚೆಯ ಲಾ ಕಾಂಬ್ರ್ ಮಠ ಸೇರಿದಳು. ಸೇಂಟ್ ಕ್ವೆಂಟಿನ್ ಗೆದ್ದವನ ಹೆಂಡತಿ, ಚಕ್ರವರ್ತಿಯ ಮುಂದೆ ಮದುವೆಯಾದವಳು. ಕೆಲವು ದಿನಗಳ ನಂತರ ಆಲ್ಬಾನೇ ಫಿಲಿಪ್‌ಗೆ ಬರೆದ: ಈ ಹೆಂಗಸಿನ ಸ್ಥಿತಿ ನೋಡಿ ಕನಿಕರ ಆಗುತ್ತೆ, ಇವತ್ತು ರಾತ್ರಿ ಊಟಕ್ಕೂ ಗತಿ ಇದೆಯೋ ಇಲ್ಲವೋ. ತಲೆ ತೆಗೆಸಿದವನ ಕೈಯಿಂದಲೇ ಬಂದ ಈ ಮಾತಿಗಿಂತ ದೊಡ್ಡ ಸಾಕ್ಷಿ ಬೇಡ. ಆಮೇಲೆ ದೊರೆ ಒಂದಿಷ್ಟು ಜೀವನಾಂಶ ಗೊತ್ತುಮಾಡಿದ. ಯಾವ ಮನೆ ಬೀದಿಗೆ ಬೀಳಬಾರದು ಅಂತ ಎಗ್ಮಾಂಟ್ ಉಳಿದುಕೊಂಡನೋ ಅದೇ ಮನೆ ಬೀದಿಗೆ ಬಿತ್ತು.

ಹಾಗಾದರೆ ಓಡಿಹೋಗಿದ್ದರೆ ಸರಿಹೋಗುತ್ತಿತ್ತಾ? ವಿಲಿಯಂ ಕಡೆ ನೋಡಿ. ಅವನ ಹಿರಿಯ ಮಗ ಲೂವೆನ್‌ನಲ್ಲಿ ಓದುತ್ತಿದ್ದ. 1568ರ ಫೆಬ್ರವರಿಯಲ್ಲಿ ಆ ಹುಡುಗನನ್ನು ಹಿಡಿದು ಸ್ಪೇನಿಗೆ ಕಳಿಸಿದರು. ಅಪ್ಪ ಮಗ ಮತ್ತೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. 1584ರಲ್ಲಿ ಡೆಲ್ಫ್ಟ್‌ನಲ್ಲಿ ವಿಲಿಯಂನನ್ನು ಗುಂಡಿಟ್ಟು ಕೊಂದರು. ಹೋರ್ನ್‌ನ ತಮ್ಮ ಮೊಂತಿನ್ಯಿ ಸ್ಪೇನಿಗೆ ಮಾತುಕತೆಗೆ ಹೋಗಿ ಅಲ್ಲೇ ಸಿಕ್ಕಿಬಿದ್ದ, 1570ರಲ್ಲಿ ಸಿಮಾಂಕಾಸ್ ಕೋಟೆಯಲ್ಲಿ ಗುಟ್ಟಾಗಿ ಕತ್ತು ಹಿಸುಕಿಸಿದರು. ಉಳಿದವರಿಗೂ, ಹೋದವರಿಗೂ, ನಂಬಿ ಹೋಗಿ ಕೇಳಿದವರಿಗೂ ಸುಖವಿರಲಿಲ್ಲ. ಇದನ್ನು ಬಿಟ್ಟು ಎಗ್ಮಾಂಟ್ ಒಬ್ಬನನ್ನೇ ದಡ್ಡ ಅನ್ನೋದು ನ್ಯಾಯವಲ್ಲ.

ಗಂಡುಮಕ್ಕಳು

ಹಿರಿಮಗ ಫಿಲಿಪ್ ಹುಟ್ಟಿದ್ದು 1558ರಲ್ಲಿ, ಗ್ರಾವ್‌ಲೀನ್ ಗೆದ್ದ ವರ್ಷ. ದೊರೆಯ ಹೆಸರನ್ನೇ ಇಟ್ಟಿದ್ದರು. ಅಪ್ಪ ಸತ್ತಾಗ ಹತ್ತರ ಆಸುಪಾಸು. 1576ರ ಗೆಂಟ್ ಒಪ್ಪಂದದಿಂದ ಆಲ್ಬಾ ಕಾಲದ ಜಪ್ತಿಗಳು ರದ್ದಾದವು, ಮನೆತನಕ್ಕೆ ಮತ್ತೆ ಉಸಿರು ಬಂತು. ಹುಡುಗ ಮೊದಲು ಸ್ಪೇನಿನ ವಿರುದ್ಧದ ಸೈನ್ಯದಲ್ಲಿದ್ದ. ಆಮೇಲೆ ಗುಟ್ಟಾಗಿ ದೊರೆಯ ಕಡೆ ವಾಲಿದ.

1579ರ ಜೂನ್ 4ರ ಬೆಳಿಗ್ಗೆ ಅವನು ತನ್ನ ದಳದೊಂದಿಗೆ ಬ್ರಸೆಲ್ಸ್ ಒಳಗೆ ನುಗ್ಗಿದ, ಊರನ್ನು ದೊರೆಗೆ ಒಪ್ಪಿಸೋಣ ಅಂತ. ಗ್ರಾಂಡ್ ಪ್ಲಾಸ್ ಹಿಡಿದ. ಊರಿನವರು ಸುಮ್ಮನಿರಲಿಲ್ಲ, ಚೌಕಕ್ಕೆ ಬರುವ ಬೀದಿಗಳಿಗೆಲ್ಲ ಅಡ್ಡಗಟ್ಟಿದರು. ಅವನೂ ಅವನ ಸೈನಿಕರೂ ನಡುವೆ ಸಿಕ್ಕಿಕೊಂಡರು. ಅಪ್ಪನ ತಲೆ ಬಿದ್ದ ಅದೇ ಚೌಕ, ಮರುದಿನ ಬೆಳಗಾದರೆ ಅದಾಗಿ ಸರಿಯಾಗಿ ಹನ್ನೊಂದು ವರ್ಷ. ಇಡೀ ಹಗಲು, ಇಡೀ ರಾತ್ರಿ ಅನ್ನ ನೀರಿಲ್ಲದೆ ಅಲ್ಲೇ ನಿಂತ. ಅಡ್ಡಗಟ್ಟೆಯ ಆಚೆಯಿಂದ ಜನ ಕೂಗಿದರು: ಇವತ್ತು ಏನು ದಿನ ಗೊತ್ತಾ? ಕಾಲ ಕೆಳಗಿನ ಒಂದೆರಡು ಕಲ್ಲು ಕಿತ್ತು ನೋಡು, ನಿಮ್ಮಪ್ಪನ ರಕ್ತ ಇನ್ನೂ ಅಲ್ಲೇ ಇದೆ. ಅವನು ಅತ್ತುಬಿಟ್ಟನಂತೆ. ಮಾರನೇ ದಿನ ಜನರೇ ದಾರಿಬಿಟ್ಟು ಕಳಿಸಿದರು.

ಅವನನ್ನು ಬೈಯೋದು ಸುಲಭ. ನನಗೆ ಮಾತ್ರ ಅಲ್ಲಿ ಅಪ್ಪನದೇ ಲೆಕ್ಕಾಚಾರ ಕಾಣುತ್ತೆ. ಮನೆ, ಜಮೀನು, ತಮ್ಮಂದಿರು, ಅಕ್ಕತಂಗಿಯರು. ಅದನ್ನೆಲ್ಲ ಉಳಿಸಿಕೊಳ್ಳೋಕೆ ದೊರೆಯ ಕೈ ಹಿಡಿಯಲೇಬೇಕು. ಮರುವರ್ಷ ನಿನೋವ್ ಎಂಬ ಊರಲ್ಲಿ ಫ್ರೆಂಚ್ ಸರದಾರ ಲಾ ನೂಗೆ ಸೆರೆಸಿಕ್ಕ. ಸ್ವಲ್ಪ ದಿನಕ್ಕೇ ಆ ಲಾ ನೂ ಕೂಡ ಸ್ಪೇನಿನವರ ಕೈಗೆ ಸಿಕ್ಕಿಬಿದ್ದ. ಕೊನೆಗೆ 1585ರಲ್ಲಿ ಇವನನ್ನು ಕೊಟ್ಟು ಅವನನ್ನು ಬಿಡಿಸಿಕೊಂಡರು. ಐದು ವರ್ಷದ ಜೈಲು. 1590ರ ಮಾರ್ಚ್ 14ರಂದು ಫ್ರಾನ್ಸಿನ ಈವ್ರಿಯಲ್ಲಿ, ಸ್ಪೇನ್ ಕಳಿಸಿದ ಕುದುರೆ ದಳದ ಮುಂದೆ ನಿಂತು ನುಗ್ಗಿದವನು ಅಲ್ಲೇ ಸತ್ತ. ಅಪ್ಪ ಯಾವ ದೊರೆಗಾಗಿ ಫ್ರೆಂಚರ ಮೇಲೆ ಕುದುರೆ ಓಡಿಸಿದ್ದನೋ ಮಗನೂ ಅದೇ ದೊರೆಗಾಗಿ.

ಎರಡನೆಯವನಿಗೆ ಅಪ್ಪನ ಹೆಸರೇ, ಲಾಮೊರಾಲ್. 1582ರಲ್ಲಿ ಬ್ರೂಜ್‌ನಲ್ಲಿ ವಿಲಿಯಂ ಮತ್ತು ಫ್ರಾನ್ಸಿನ ರಾಜಕುಮಾರ ಆಂಜೂನನ್ನು ಕೊಲ್ಲುವ ಸಂಚಿನಲ್ಲಿ ಅವನ ಹೆಸರು ಬಂತು. ಅಪ್ಪನ ಹಳೆಯ ಗೆಳೆಯನನ್ನೇ ಕೊಲ್ಲುವ ಸಂಚು. ಜೊತೆಗಿದ್ದ ಸಾಲ್ಸೆಡೊಗೆ ಪ್ಯಾರಿಸ್‌ನಲ್ಲಿ ಭೀಕರ ಸಾವಾಯಿತು. ಲಾಮೊರಾಲ್ ಉಳಿದುಕೊಂಡ, ಅಣ್ಣ ಸತ್ತ ಮೇಲೆ ಕೌಂಟ್ ಪಟ್ಟವೂ ಬಂತು. ಅವನ ನಂತರ ಪಟ್ಟ ಮೂರನೆಯವನಾದ ಚಾರ್ಲ್ಸ್‌ಗೆ ಹೋಯಿತು. ಹೆಣ್ಣುಮಕ್ಕಳಲ್ಲಿ ಕೆಲವರು ಮಠ ಸೇರಿದರು, ಕೆಲವರಿಗೆ ಒಳ್ಳೆ ಮನೆತನಗಳಲ್ಲೇ ಮದುವೆಯಾಯಿತು.

ಸಬೀನಾ ಇದರಲ್ಲಿ ಹೆಚ್ಚಿನದನ್ನು ನೋಡಲಿಲ್ಲ. 1578ರ ಜೂನ್‌ನಲ್ಲಿ ಆಂಟ್ವರ್ಪ್‌ನಲ್ಲಿ ತೀರಿಕೊಂಡಳು. ಮಗ ಆ ಚೌಕದಲ್ಲಿ ಸಿಕ್ಕಿಕೊಳ್ಳುವುದಕ್ಕೆ ಇನ್ನೂ ಒಂದು ವರ್ಷ ಇತ್ತು. ಗೆಂಟ್‌ನ ದಕ್ಷಿಣಕ್ಕಿರುವ ಜೊಟ್ಟೆಗೆಮ್ ಎಂಬ ಸಣ್ಣ ಊರಿನ ಚರ್ಚಿನಲ್ಲಿ, ಹತ್ತು ವರ್ಷದ ಹಿಂದೆ ಗಂಡನನ್ನು ಇಟ್ಟಿದ್ದ ಕಡೆಯಲ್ಲೇ ಆಕೆಯನ್ನೂ ಇಟ್ಟರು. ಆಮೇಲೆ ಆ ನೆಲಮಾಳಿಗೆ ಎಲ್ಲಿದೆ ಅನ್ನೋದೇ ಜನರಿಗೆ ಮರೆತುಹೋಯಿತು. ಮತ್ತೆ ಸಿಕ್ಕಿದ್ದು 1804ರಲ್ಲಿ. ಈಗಲೂ ಇಬ್ಬರೂ ಆ ಊರಲ್ಲೇ ಇದ್ದಾರೆ.